ಪಾಳಿ ಮುಗಿದ ಮೇಲಿನ ಪಾಠ

ವಿಶ್ವವಿದ್ಯಾನಿಲಯದ ಪಾಠಗಳು ಈಗ ಮೊಬೈಲಿಗೆ ಬಂದಿವೆ. ಕೇಂದ್ರ ಸರಕಾರದ ‘ಸ್ವಯಂ’ 2017ರಲ್ಲಿ ಆರಂಭವಾಯಿತು. ಅಲ್ಲಿ ಪಾಠಕ್ಕೆ ಶುಲ್ಕವಿಲ್ಲ, ಪರೀಕ್ಷೆಗೆ ಮಾತ್ರ ಉಂಟು. ರಾಜ್ಯಗಳ ಮುಕ್ತ ವಿಶ್ವವಿದ್ಯಾನಿಲಯಗಳ ದೂರಶಿಕ್ಷಣವು ಆಯಾ ರಾಜ್ಯದ ಗಡಿ ದಾಟುವಂತಿಲ್ಲ. ಆದರೆ ಆನ್‌ಲೈನ್ ಪದವಿಗೆ 2020ರ ಯು.ಜಿ.ಸಿ. ನಿಯಮಗಳು ಆ ಗಡಿ ಹಾಕಿಲ್ಲ. ಪಿ.ಯು.ಸಿ. ಮುಗಿಸಿ ಹೊಟ್ಟೆಪಾಡಿಗಾಗಿ ಅಹಮದಾಬಾದ್, ವಡೋದರಾ, ಸೂರತ್‌ಗೆ ಬಂದ ನಮ್ಮ ಹುಡುಗರಿಗೆ ಮೈಸೂರಿನ ಪಾಠ ಕನ್ನಡದಲ್ಲೇ ತಲುಪಲು ಇದರಿಂದ ದಾರಿಯುಂಟು. ಸಂತೋಷದ ಸಂಗತಿಯೇ.

ಆದರೆ ಆ ಪಾಠ ಯಾರಿಗಾಗಿ ಸಿದ್ಧವಾಗುತ್ತದೆ ಎಂದು ನಾವು ಕೇಳಲೇಬೇಕು. ಪ್ರಾಧ್ಯಾಪಕರು ಒಂದು ಗಂಟೆ ಪುಸ್ತಕ ನೋಡಿ ಓದಿದ್ದನ್ನು ಹಾಗೆಯೇ ಚಿತ್ರೀಕರಿಸಿದರೆ ಅದು ಪಾಠವೆನಿಸದು. ಸೂರತ್ತಿನ ಮಗ್ಗದ ಮುಂದೆ ಹನ್ನೆರಡು ಗಂಟೆ ನಿಂತವನು, ಹೋಟೆಲಿನ ಕೊನೆಯ ಪಾತ್ರೆ ತೊಳೆದು ಹನ್ನೊಂದಕ್ಕೆ ಕೋಣೆ ಸೇರಿದವನು, ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಾನೆ. ತಪ್ಪು ಅವನದಲ್ಲ.

‘ಸ್ವಯಂ’ನ ಕ್ರಮದಲ್ಲೇ ನಾಲ್ಕು ಅಂಗಗಳಿವೆ: ದೃಶ್ಯಪಾಠ, ಅಚ್ಚು ಹಾಕಿಕೊಳ್ಳಬಹುದಾದ ಓದು, ಸ್ವಪರೀಕ್ಷೆ, ಸಂಶಯ ಪರಿಹಾರದ ಚರ್ಚೆ. ಕೊನೆಯ ಎರಡೇ ಕಲಿಕೆಯ ಜೀವಾಳ. ಬರಿದೆ ಕೇಳಿದ್ದು ಬೇಗ ಮರೆಯುತ್ತದೆ. ಪುಸ್ತಕ ಮುಚ್ಚಿ ಉತ್ತರ ಹೇಳಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಹೋಟೆಲ್ ಮಾಣಿಗಳನ್ನು ವಿದ್ಯಾವಂತರನ್ನಾಗಿ ಮಾಡಿದ್ದು ಹೇಗೆ? ಅವರ ದುಡಿಮೆಯ ವೇಳೆ ನೋಡಿ ತರಗತಿಯ ವೇಳೆ ಇಟ್ಟವು; ಹೆಸರು ಹಿಡಿದು ಕರೆದು ಪ್ರಶ್ನೆ ಕೇಳುವ ಮೇಷ್ಟ್ರು ಅಲ್ಲಿದ್ದರು.

ಆದುದರಿಂದ ವಿಶ್ವವಿದ್ಯಾನಿಲಯಗಳಲ್ಲಿ ನಮ್ಮ ಬೇಡಿಕೆ ಇಷ್ಟು. ಪಾಠವನ್ನು ಹತ್ತು ನಿಮಿಷಗಳ ತುಂಡುಗಳಾಗಿ ಮಾಡಿರಿ. ಒಂದೊಂದರಲ್ಲಿ ಒಂದೇ ವಿಷಯ, ಕೊನೆಗೆ ಮೂರು ಪ್ರಶ್ನೆ ಇರಲಿ. ಕಡಿಮೆ ಡೇಟಾದಲ್ಲಿ ಕೇಳುವ ಧ್ವನಿಪಾಠವನ್ನೂ ಕನ್ನಡದ ಅಚ್ಚುಪಾಠವನ್ನೂ ಜೊತೆಗೆ ಕೊಡಿರಿ. ವಾಣಿಜ್ಯ ಪಾಠದ ಜಮಾ-ಖರ್ಚನ್ನು ಹೋಟೆಲಿನ ಹಾಲು, ಕಾಫಿಪುಡಿ, ಗಲ್ಲಾಪೆಟ್ಟಿಗೆಯ ಲೆಕ್ಕದಿಂದಲೇ ಆರಂಭಿಸಬಾರದೇಕೆ? ಕೇಳಿದ ಸಂಶಯಕ್ಕೆ ಉತ್ತರ ಬರುವ ದಿನ ಗೊತ್ತಿರಲಿ. ಪಾಳಿ ಬದಲಾದವನಿಗೆ ಮನೆಪಾಠ ಒಪ್ಪಿಸಲು ಒಂದು ವಾರ ಹೆಚ್ಚು ಸಿಗಲಿ.

ಮಾಲೀಕರನ್ನು ಕೇಳುವುದೂ ಉಂಟು: ಪರೀಕ್ಷೆಯ ದಿನ ಸಂಬಳ ಹಿಡಿಯದೆ ರಜೆ ಕೊಡಿರಿ. ಓದಿದ ಕೆಲಸಗಾರ ಬಿಟ್ಟುಹೋದಾನೆಂಬ ಅಂಜಿಕೆಯಿಂದ ಅವನನ್ನು ಅಜ್ಞಾನದಲ್ಲಿ ಕಟ್ಟಿಹಾಕುವುದು ನ್ಯಾಯವಲ್ಲ.

ಬಂಧುಗಳೇ, ನಮ್ಮ ಪಾಲಿನ ಕೆಲಸವೂ ಇದೆ. ಹಣ ಕಟ್ಟುವ ಮುನ್ನ ಆ ಪದವಿಗೆ ಆ ವರ್ಷ ಯು.ಜಿ.ಸಿ. ಮಾನ್ಯತೆ ಇದೆಯೇ ಎಂದು ನೋಡಿರಿ. ಮಧ್ಯವರ್ತಿಯ ಬಾಯಿಮಾತನ್ನು ನಂಬಬೇಡಿರಿ. ಒಬ್ಬೊಬ್ಬರೇ ಓದಿದರೆ ಮೂರನೆಯ ವಾರ ಬಿಡುತ್ತೇವೆ. ನಾಲ್ವರು ಕೂಡಿದರೆ ಒಬ್ಬ ಎಡವಿದಾಗ ಇನ್ನೊಬ್ಬ ಎಬ್ಬಿಸುತ್ತಾನೆ. ವಾರದ ರಜೆಯಲ್ಲಿ ಸಂಘದ ಕೋಣೆಯಲ್ಲಿ ಒಂದು ಗಂಟೆ ಕೂಡೋಣ. ಮೊಬೈಲು ಕಿಸೆಯಲ್ಲಿ ಇದ್ದೇ ಇದೆ. ಕೂಡಿ ಕಲಿಯುವ ಅಭ್ಯಾಸವನ್ನು ನಾವೇ ಬೆಳೆಸಬೇಕು.