ಹೆರಿಗೆಗೂ ಕೈಸಾಲವೇ?



ಸಾಲ ಯಾಕಾಯ್ತು ಅಂತ ಕೇಳಿದರೆ ಬೀಜ, ಗೊಬ್ಬರ, ಬೋರ್‌ವೆಲ್ ಅನ್ನುತ್ತೀರಿ. ಸೊಸೆಯ ಹೆರಿಗೆಗೆ ನರ್ಸಿಂಗ್ ಹೋಮಿಗೆ ಕಟ್ಟಿದ ದುಡ್ಡು ಆ ಲೆಕ್ಕಕ್ಕೆ ಬರುವುದೇ ಇಲ್ಲ. ತಂದದ್ದು ಅದೇ ಸಾಹುಕಾರನ ಹತ್ತಿರ, ತೀರಿಸಬೇಕಾದ್ದೂ ಅದೇ ಬೆಳೆಯಿಂದ.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲೇ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಯಾವುದಕ್ಕೂ ಕಾಸು ಕೊಡಬೇಕಾಗಿಲ್ಲ. ಹಾಗಾದರೆ ನಾವು ಖಾಸಗಿಗೆ ಓಡುವುದು ಶೋಕಿಗಾ? ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆರಿಗೆ ಡಾಕ್ಟರಿದ್ದರೆ ಅರಿವಳಿಕೆ ಡಾಕ್ಟರಿಲ್ಲ, ಇಬ್ಬರೂ ಇದ್ದ ದಿನ ರಕ್ತ ಇಲ್ಲ. ಜಿಲ್ಲಾಸ್ಪತ್ರೆಗೆ ಅಂತ ಚೀಟಿ ಬರೆದು ಸಾಗಹಾಕುತ್ತಾರೆ. ಹೆತ್ತ ಮೇಲೆ ರಕ್ತ ನಿಲ್ಲದಿದ್ದರೆ ಎರಡೇ ಗಂಟೆಯಲ್ಲಿ ಪ್ರಾಣ ಹೋಗಬಹುದು ಸ್ವಾಮಿ!

2018-20ರ ಸರ್ಕಾರದ್ದೇ ಲೆಕ್ಕ ನೋಡಿ: ಒಂದು ಲಕ್ಷ ಮಕ್ಕಳು ಹುಟ್ಟುವಾಗ ಸತ್ತ ತಾಯಂದಿರು ಕರ್ನಾಟಕದಲ್ಲಿ 69, ಪಕ್ಕದ ಕೇರಳದಲ್ಲಿ 19.

ಇದು ಹೆಂಗಸರ ವಿಷಯ ಅನ್ನಬೇಡಿ. ಮನೆಯ ಹೆಣ್ಣುಮಕ್ಕಳನ್ನೂ ಕರಕೊಂಡು ಬರುವ ಸಂತೆ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅರಿವಳಿಕೆ ಡಾಕ್ಟರ್ ಯಾರು, ರಾತ್ರಿ ಸಿಗುತ್ತಾರಾ, ರಕ್ತ ಎಷ್ಟು ಇಟ್ಟಿದ್ದಾರೆ, ಬರವಣಿಗೆಯಲ್ಲೇ ಕೇಳಿ. ಕೊಟ್ಟ ಉತ್ತರವನ್ನು ನಮಗೆ ಕಳಿಸಿ. ತಾಲ್ಲೂಕಿನ ಹೆಸರು ಸಮೇತ ಮುಂದಿನ ತಿಂಗಳು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.