ಮಿರಗದ ಮಳೆಗೆ ಮುನ್ನ ನಾಲಿ ನೋಡಿ

ಜೂನ್ ಮೊದಲ ವಾರ ದಾಟಿದರೆ ಮಿರಗದ ಮಳೆ ಕೂಡುತ್ತದೆ. ಬೀಜ, ಗೊಬ್ಬರದ ಓಡಾಟದಲ್ಲಿ ಮರೆತೇಹೋಗುವ ಸಿದ್ಧತೆಯೊಂದಿದೆ. ಮೊದಲ ಜೋರು ಮಳೆ ಊರಿನಿಂದ ಏನೇನು ಹೊತ್ತು ಎಲ್ಲಿಗೆ ಸೇರುತ್ತದೆಂಬುದನ್ನು ಸೇಡಂ ತಾಲೂಕಿನ ಕುರಕುಂಟಾ ಮತ್ತು ಸುತ್ತಲಿನ ಊರುಗಳು ಈಗಲೇ ನೋಡಿಕೊಳ್ಳಬೇಕು.

ಬೇಸಿಗೆಯುದ್ದಕ್ಕೂ ಕೂತದ್ದೆಲ್ಲ ಆ ಒಂದು ಮಳೆಗೆ ಏಳುತ್ತದೆ: ಸೇಡಂ, ವಾಡಿ ಕಡೆಯ ಸಿಮೆಂಟ್ ದೂಳು, ಲಾರಿ ನಿಲ್ಲುವಲ್ಲಿನ ಎಣ್ಣೆ, ಶಹಾಬಾದ್, ಚಿತ್ತಾಪುರದ ಪರ್ಸಿ ಕಲ್ಲಿನ ಪಾಲಿಷ್ ಕೆಸರು, ತಿಪ್ಪೆ, ನಾಲಿಯ ಹೊಲಸು. ಒಂದು ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. ಕಾಂಕ್ರೀಟ್ ರಸ್ತೆ ಅದನ್ನು ಇಂಗಿಸದೆ ಹಳ್ಳಕ್ಕೆ, ಹಳ್ಳ ಕಾಗಿಣಾ ನದಿಗೆ ದಾಟಿಸುತ್ತದೆ. 2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ಮಳಖೇಡಕ್ಕೆ ನುಗ್ಗಿದ್ದನ್ನು ಎಲ್ಲರೂ ಕಂಡರು. ಮೊದಲ ಮಳೆಯ ವಿಷ ಹಾಗೆ ಕಣ್ಣಿಗೆ ಬೀಳುವುದಿಲ್ಲ.

ನೆಲ ಸೋಸುತ್ತದೆ ಎಂದು ಸುಮ್ಮನಿರಲೂ ಆಗದು. ನಮ್ಮ ಕಾಲಡಿಯದು ಸುಣ್ಣದ ಕಲ್ಲು. ಮಣ್ಣಿನ ಪದರ ತೆಳುವಾಗಿರುವಲ್ಲಿ ಅದರ ಬಿರುಕುಗಳಲ್ಲಿ ಇಳಿದ ನೀರು ಸೋಸದೆ ಬಾವಿ, ಬೋರ್‌ವೆಲ್ ಸೇರುತ್ತದೆ. ಕಲ್ಲು ತೆಗೆದು ಬಿಟ್ಟ ಖಣಿಗಳಿಗೆ ಊರ ಕಸ ಸುರಿದರೆ ಕುಡಿಯುವ ನೀರಿನ ನೆತ್ತಿಗೇ ಸುರಿದಂತೆ. ತೊಗರಿ ಹೊಲಕ್ಕೆ ಹಾಕಿದ ಗೊಬ್ಬರ ಮಳೆಗೆ ತೊಳೆದು ಬಾವಿಗಿಳಿದರೆ ನೈಟ್ರೇಟ್ ಏರುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರು ಹಸುಗೂಸುಗಳಿಗೆ ಅಪಾಯ, ಕಾಯಿಸಿದರೂ ಅದು ಹೋಗದು.

ಬ್ಲೀಚಿಂಗ್ ಪೌಡರ್ ಇದೆಯಲ್ಲ ಎನ್ನಬಹುದು. ರಾಡಿ ನೀರಿನಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಜೀವ ತೆಗೆಯಿತು. ಶುದ್ಧೀಕರಣ ಘಟಕವೊಂದನ್ನೇ ನಂಬಿ ಕೂರಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ಕೊಳೆಯನ್ನು ಹುಟ್ಟಿದಲ್ಲೇ ತಡೆಯಬೇಕು. ಪಂಚಾಯಿತಿ, ಪುರಸಭೆಗಳು ಮೇ ಮುಗಿಯುವುದರೊಳಗೆ ನಾಲಿಯ ಹೂಳು ತೆಗೆಸಲಿ. ತೆಗೆದ ಹೂಳನ್ನು ದಂಡೆಯ ಮೇಲೇ ಬಿಟ್ಟರೆ ಮೊದಲ ಮಳೆಗೆ ಮರಳಿ ಒಳಗೇ ಬೀಳುತ್ತದೆ, ಅದೇ ದಿನ ಸಾಗಿಸಬೇಕು. ಸುಣ್ಣದ ಕಲ್ಲಿನ ಗಣಿಗಳ ಸುತ್ತ ಕಾಲುವೆ, ಕೆಸರು ಕೂರುವ ಹೊಂಡ ಇರಬೇಕೆಂಬುದು ಪರಿಸರ ಅನುಮತಿಯಲ್ಲಿ ಸಾಮಾನ್ಯವಾಗಿ ಇರುವ ಷರತ್ತು. ಆ ಹೊಂಡಗಳು ಖಾಲಿ ಇವೆಯೇ, ಹೋದ ವರ್ಷದ ಕೆಸರಿನಿಂದ ತುಂಬಿವೆಯೇ ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ಮಳೆಗೆ ಮುನ್ನವೇ ಸ್ಥಳಕ್ಕೆ ಬಂದು ನೋಡಲಿ. ಪರ್ಸಿ ಘಟಕಗಳು ಪಾಲಿಷ್ ಪುಡಿಯನ್ನು ಹಳ್ಳದ ದಂಡೆಗೆ ಚೆಲ್ಲುವುದನ್ನು ನಿಲ್ಲಿಸಲಿ. ರೈತರು ಜೋರು ಮಳೆಯ ಮುನ್ಸೂಚನೆ ಇರುವ ದಿನ ಗೊಬ್ಬರ, ಔಷಧ ಹಾಕದೆ ತಡೆಯಲಿ, ಬದುವಿನಲ್ಲಿ ಹುಲ್ಲು ಉಳಿಸಲಿ. ಔಷಧದ ಡಬ್ಬಿಯನ್ನು ಹಳ್ಳದಲ್ಲಿ ತೊಳೆಯುವುದು ಬೇಡ.

ಕೊಳವೆಯಿಂದ ಬರುವ ಕೊಳೆಗೆ ಒಬ್ಬ ಹೊಣೆಗಾರನಿರುತ್ತಾನೆ. ಮಳೆನೀರಿನ ಕೊಳೆಗೆ ಎಲ್ಲರೂ ಪಾಲುದಾರರಾದ್ದರಿಂದ ಯಾರೂ ಉತ್ತರ ಕೊಡುವುದಿಲ್ಲ. ಈ ಸ್ಥಿತಿಯನ್ನು ಮುರಿಯಲು ಮೊದಲ ಮಳೆ ಬಿದ್ದ ವಾರದಲ್ಲೇ ಪ್ರತಿ ಊರಿನ ಕುಡಿಯುವ ನೀರಿನ ಮೂಲವನ್ನು ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿ ತನ್ನ ಗೋಡೆಗೆ ಅಂಟಿಸಲಿ. ಅಂಕಿ ಎದುರಿಗಿದ್ದರೆ ಗ್ರಾಮಸಭೆಯಲ್ಲಿ ಯಾರನ್ನು ಏನು ಕೇಳಬೇಕೆಂದು ಜನಕ್ಕೆ ಗೊತ್ತಾಗುತ್ತದೆ.