‘ಬಾರದು’, ‘ಬೇಕಾಗಿಲ್ಲ’ ಮತ್ತು ಇಂಗ್ಲಿಷ್ ತರಗತಿ

ಭಟ್ಕಳ ತಾಲೂಕಿನ ಹೆಬಳೆಯಂತಹ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ವಿದ್ಯಾರ್ಥಿಯು ಇಂಗ್ಲಿಷಿನ ‘ಮಸ್ಟ್’ ಎಂಬ ಸಹಾಯಕ ಕ್ರಿಯಾಪದವನ್ನು ‘ಬೇಕು’ ಎಂದು ಕಲಿಯುತ್ತಾನೆ. ಅದಕ್ಕೆ ‘ನಾಟ್’ ಸೇರಿದರೆ ‘ಬೇಕಾಗಿಲ್ಲ’ ಎಂದಾಗುವುದೆಂದು ಆತ ಭಾವಿಸುವುದು ಸಹಜ. ಆದರೆ ‘ಯು ಮಸ್ಟ್ ನಾಟ್ ಗೋ’ ಎಂದರೆ ‘ನೀನು ಹೋಗಬಾರದು’. ‘ಹೋಗಬೇಕಾಗಿಲ್ಲ’ ಎನ್ನಲು ‘ನೀಡ್ ನಾಟ್’ ಬಳಸಬೇಕು. ಹೀಗೆ ಅನಗತ್ಯವೆಂಬ ಅರ್ಥ ನಿಷೇಧವಾಗಿಬಿಡುವ ತಪ್ಪನ್ನು ನಾವು ವಿದ್ಯಾರ್ಥಿಯ ದಡ್ಡತನವೆಂದೇ ಬಗೆಯುತ್ತೇವೆ.

ವಾಸ್ತವವಾಗಿ ಈ ಅರ್ಥಭೇದ ಅವನ ಕನ್ನಡದಲ್ಲಿಯೇ ಇದೆ. ಮತ್ತೊಂದು ನಿದರ್ಶನವನ್ನು ನೋಡಬಹುದು. ‘ಹೋಗಬಹುದು’ ಎಂಬುದು ಅನುಮತಿಯನ್ನೂ ಸಾಧ್ಯತೆಯನ್ನೂ ಸೂಚಿಸುತ್ತದೆ. ಅನುಮತಿಯನ್ನು ನಿರಾಕರಿಸಿದರೆ ‘ಹೋಗಕೂಡದು’, ಸಾಧ್ಯತೆಯನ್ನು ನಿರಾಕರಿಸಿದರೆ ‘ಹೋಗಲಿಕ್ಕಿಲ್ಲ’. ಇಂಗ್ಲಿಷಿನಲ್ಲಿ ‘ಮೇ ನಾಟ್’ ಎಂಬ ಒಂದೇ ರೂಪ ಈ ಎರಡನ್ನೂ ಹೊರುತ್ತದೆ. ಇಲ್ಲಿ ಕನ್ನಡವೇ ಹೆಚ್ಚು ಖಚಿತವಾಗಿದೆ.

ನಮ್ಮ ಶಾಲಾ ವ್ಯಾಕರಣಗಳಾದರೋ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥಗಳಿಗೆ ‘ಬರಲಿ’, ‘ಬಾರನು’, ‘ಬಂದಾನು’ ಎಂಬ ಉದಾಹರಣೆಗಳನ್ನು ಕೊಟ್ಟು ಸುಮ್ಮನಾಗುತ್ತವೆ. ‘ಬಹುದು’, ‘ಬೇಕು’, ‘ಬೇಡ’, ‘ಕೂಡದು’ಗಳ ಪರಸ್ಪರ ಸಂಬಂಧದ ವಿವರಣೆ ಅವುಗಳಲ್ಲಿ ವಿರಳ. ಡಿ.ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಕೃತಿಯ ಶೀರ್ಷಿಕೆಯಲ್ಲಿಯೇ ಸಾರಿದರು. ಆ ‘ಬೇಕು’ ಇನ್ನೂ ತರಗತಿಯನ್ನು ತಲುಪಿಲ್ಲ.

ಇಂಗ್ಲಿಷ್ ಬೋಧನೆ ತಮ್ಮ ಹೊಣೆಯಲ್ಲವೆಂದು ಕನ್ನಡ ವಿಭಾಗಗಳು ಹೇಳಬಹುದು. ಆದರೆ ಕನ್ನಡದ ಈ ರೂಪಗಳನ್ನು ವಿವರಿಸುವ ಕೆಲಸ ನಮ್ಮದೇ. ಅದನ್ನು ಮಾಡದಿರುವವರೆಗೆ, ತಾಯ್ನುಡಿಯ ತಿಳಿವಳಿಕೆಯೇ ಇಂಗ್ಲಿಷ್ ಕಲಿಕೆಗೆ ಅಡ್ಡಿಯೆಂಬ ಅಪವಾದವನ್ನು ಕನ್ನಡ ಮಾಧ್ಯಮದ ಮಗು ಹೊರುತ್ತಲೇ ಇರಬೇಕಾಗುತ್ತದೆ.